ಕುದುರೆಯ ಲೆಕ್ಕ

ಒಬ್ಬ ಸಂಸಾರಸ್ಥನಿಗೆ ಎಷ್ಟು ಕುದುರೆಗಳಿದ್ದರೆ ಸಾಕು? ಕಳೆದ ವರ್ಷ ಒಂದು ಶನಿವಾರ ಸಂಜೆ ಈ ಪ್ರಶ್ನೆಯನ್ನು ವಿಜಯನಗರದ ನಮ್ಮ ಮನೆಯ ಬಾಗಿಲಿಗೆ ತಂದವನು ನನ್ನ ಭಾವಮೈದುನ. ಬಸವೇಶ್ವರನಗರದ ಅವನ ಮನೆಗೂ ನಮ್ಮ ಮನೆಗೂ ಹೆಚ್ಚು ದೂರವಿಲ್ಲ. ಆದರೂ ಅಂದು ಆ ದಾರಿಯನ್ನು ಕ್ರಮಿಸಲು ಅವನಿಗೆ ನಲವತ್ತು ನಿಮಿಷ ಹಿಡಿದಿತ್ತು. ಮಾಗಡಿ ರಸ್ತೆಯ ಟೋಲ್‌ಗೇಟಿನ ಬಳಿ ಅವನ ಕಾರು ನಿಂತಿದ್ದಾಗ ತಲೆಯ ಮೇಲೆ ಮೆಟ್ರೋ ರೈಲು ನಾಲ್ಕು ಸಲ ಹಾದುಹೋಯಿತಂತೆ. ಹೀಗೆ ಬಂದವನು ಕಾಫಿಯ ಲೋಟವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, “ಭಾವ, ನಮ್ಮ ಕಾರಿಗೆ ಶಕ್ತಿ ಸಾಲದು” ಎಂದ.

ನಿಂತ ಕಾರಿಗೆ ಶಕ್ತಿ ಏತಕ್ಕೆ ಎಂದು ಕೇಳಬೇಕೆನಿಸಿತು. ಆದರೆ ಹೆಂಡತಿಯ ತಮ್ಮನನ್ನು ಹೆಂಡತಿಯ ಎದುರಿನಲ್ಲಿ ಹಾಸ್ಯ ಮಾಡುವುದು ಸುಖಸಂಸಾರದ ಲಕ್ಷಣವಲ್ಲವಾದ್ದರಿಂದ ಸುಮ್ಮನೆ ಕೇಳಿದೆ. ಕಾರು ಅವನ ತಂದೆಯವರದು, ಅಂದರೆ ನನ್ನ ಮಾವನವರದು. ಅವರು ಲೆಕ್ಕಪತ್ರಗಳ ತನಿಖೆಯ ಕೆಲಸದಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ ನಿವೃತ್ತರಾದವರು. ಕಾರು ನೂರು ಅಶ್ವಶಕ್ತಿಯ ಡೀಸೆಲ್ ಕಾರು. ಕೊಂಡು ಮೂರು ವರ್ಷವಾಗಿರಲಿಲ್ಲ. “ಹದಿನೆಂಟು ಸಾವಿರ ಕೊಟ್ಟರೆ ಇನ್ನೂ ಮೂವತ್ತು ಕುದುರೆ ಬರುತ್ತವೆ ಭಾವ. ಒಂದು ನಟ್ಟನ್ನೂ ಬಿಚ್ಚುವುದಿಲ್ಲ. ಕಂಪ್ಯೂಟರಿನಲ್ಲಿ ಲೆಕ್ಕ ತಿದ್ದುತ್ತಾರೆ, ಅಷ್ಟೇ” ಎಂದ. ಅವನ ಕೈಯಲ್ಲಿ ಎಂಟು ಸಾವಿರವಿತ್ತು. ಉಳಿದುದನ್ನು ಕೇಳಲು ಬಂದಿದ್ದ.

ಅಶ್ವಶಕ್ತಿ ಎಂಬ ಮಾತೇ ವ್ಯಾಪಾರದಲ್ಲಿ ಬೆಳೆದದ್ದು. ಹದಿನೆಂಟನೆಯ ಶತಮಾನದಲ್ಲಿ ಜೇಮ್ಸ್ ವಾಟನು ತನ್ನ ಉಗಿಯಂತ್ರವನ್ನು ಮಾರಲು ಹೊರಟಾಗ, ಅಲ್ಲಿಯವರೆಗೆ ಕುದುರೆ ಕಟ್ಟಿ ಕೆಲಸ ತೆಗೆಯುತ್ತಿದ್ದ ಯಜಮಾನರಿಗೆ ‘ಈ ಯಂತ್ರ ಇಷ್ಟು ಕುದುರೆಗೆ ಸಮ’ ಎಂದು ಹೇಳಿದಲ್ಲದೆ ಅರ್ಥವಾಗುತ್ತಿರಲಿಲ್ಲ. ಇಂದಿನ ಅಳತೆಯಲ್ಲಿ ಒಂದು ಅಶ್ವಶಕ್ತಿಯೆಂದರೆ ಸುಮಾರು 746 ವಾಟ್. ಕುದುರೆಗಳು ಲಾಯದಿಂದ ಹೊರಟುಹೋದವು. ಲೆಕ್ಕ ಮಾತ್ರ ಉಳಿದುಕೊಂಡಿತು.

ಆ ಲೆಕ್ಕವನ್ನು ಈಗ ಕಾಯುವುದು ಇಂಜಿನಿನ ಕಂಪ್ಯೂಟರು. ಅಂಗೈಯಗಲದ ಒಂದು ಲೋಹದ ಪೆಟ್ಟಿಗೆ. ಹಿಂದೆ ಚಾಲಕನು ಪೆಡಲನ್ನು ಒತ್ತಿದರೆ ಒಂದು ತಂತಿ ನೇರವಾಗಿ ಇಂಜಿನಿನ ಕಿವಿಯನ್ನು ಹಿಂಡುತ್ತಿತ್ತು. ಇಂದು ಪೆಡಲು ಒತ್ತುವುದೆಂದರೆ ಅಪ್ಪಣೆ ಕೊಡುವುದಲ್ಲ, ಅರ್ಜಿ ಹಾಕುವುದು. ಕಂಪ್ಯೂಟರು ಆ ಅರ್ಜಿಯನ್ನು ತೆಗೆದುಕೊಂಡು, ಇಂಜಿನು ಎಷ್ಟು ವೇಗದಲ್ಲಿ ತಿರುಗುತ್ತಿದೆ, ಒಳಕ್ಕೆ ಎಷ್ಟು ಗಾಳಿ ಬರುತ್ತಿದೆ, ನೀರು ಎಷ್ಟು ಕಾದಿದೆ, ಹೊರಗಿನ ಗಾಳಿಯ ಒತ್ತಡವೆಷ್ಟು ಎಂಬ ವರದಿಗಳನ್ನೆಲ್ಲ ನೋಡಿ, ತನ್ನಲ್ಲಿರುವ ಕೋಷ್ಟಕಗಳನ್ನು ತೆರೆದು, ಇಷ್ಟು ಡೀಸೆಲು ಮಂಜೂರು ಎಂದು ಬರೆಯುತ್ತದೆ. ಇದೆಲ್ಲ ನಡೆಯುವುದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ. ಸರ್ಕಾರಿ ಕಚೇರಿಗಳನ್ನು ಕಂಡ ನಮಗೆ ಇದು ನಂಬಲು ಕಷ್ಟವಾದ ಸಂಗತಿ.

ಈ ಕೋಷ್ಟಕಗಳನ್ನೇ ಕಸುಬಿನವರು ‘ಮ್ಯಾಪ್’ ಎನ್ನುವರು. ಮ್ಯಾಪ್ ಎಂದೊಡನೆ ಊರು ಕೇರಿಗಳ ನಕ್ಷೆಯನ್ನು ನೆನೆಯಬೇಕಾಗಿಲ್ಲ. ಮಗ್ಗಿಯ ಪುಸ್ತಕವನ್ನು ನೆನೆದರೆ ಸಾಕು. ಮೇಲಿನ ಸಾಲಿನಲ್ಲಿ ಇಂಜಿನಿನ ವೇಗ, ಪಕ್ಕದ ಸಾಲಿನಲ್ಲಿ ಅದರ ಮೇಲಿನ ಭಾರ, ಅವೆರಡೂ ಸಂಧಿಸುವ ಮನೆಯಲ್ಲಿ ಒಂದು ಅಂಕಿ. ಡೀಸೆಲು ಎಷ್ಟು, ಅದನ್ನು ಯಾವ ಕ್ಷಣದಲ್ಲಿ ಚಿಮ್ಮಿಸಬೇಕು, ಟರ್ಬೋ ಎಂಬ ಬೀಸಣಿಗೆ ಎಷ್ಟು ಗಾಳಿಯನ್ನು ತುಂಬಬೇಕು ಎಂಬ ಒಂದೊಂದಕ್ಕೂ ಬೇರೆ ಬೇರೆ ಕೋಷ್ಟಕ. ಈ ಅಂಕಿಗಳನ್ನು ತಿದ್ದಿ ಮತ್ತೆ ಬರೆಯುವುದೇ ‘ರೀಮ್ಯಾಪ್’. ಟರ್ಬೋ ಇರುವ ಡೀಸೆಲ್ ಇಂಜಿನಿನಲ್ಲಿ ಇದರಿಂದ ಶೇಕಡ ಇಪ್ಪತ್ತು ಮೂವತ್ತರಷ್ಟು ಶಕ್ತಿ ಹೆಚ್ಚುವುದುಂಟು. ಟರ್ಬೋ ಇಲ್ಲದ ಪೆಟ್ರೋಲ್ ಇಂಜಿನಿನಲ್ಲಿ ಲಾಭ ಬಹಳ ಸ್ವಲ್ಪ. ಅಲ್ಲಿ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿಯನ್ನು ಹೆಚ್ಚಿಸಲಾರದವನು ಪೆಟ್ರೋಲನ್ನು ಸುರಿದು ಪಡೆಯುವುದೇನು?

“ಹಾಗಾದರೆ ಕಂಪನಿಯವರೇ ಆ ಮೂವತ್ತು ಕುದುರೆಗಳನ್ನು ಏಕೆ ಕೊಡಲಿಲ್ಲ?” ಎಂದೆ.

“ಕಟ್ಟಿಹಾಕಿದ್ದಾರೆ ಭಾವ! ಫಿಯಟ್‌ನವರ 1248 ಸಿ.ಸಿ. ಡೀಸೆಲ್ ಇಂಜಿನು ಒಂದೇ. ಮಾರುತಿಯವರು ಸ್ವಿಫ್ಟಿನಲ್ಲಿ ಅದನ್ನೇ ಇಟ್ಟು ಸುಮಾರು 75 ಕುದುರೆ ಎಂದರು. ದೊಡ್ಡ ಕಾರಿನಲ್ಲಿಟ್ಟು 90 ಎಂದರು. ಇದೆಲ್ಲ ವ್ಯಾಪಾರ” ಎಂದು ಅವನು ಪುರಾವೆಯನ್ನೇ ಒದಗಿಸಿದ. ನಾನು ಕನ್ನಡ ಎಂ.ಎ. ಮಾಡಿದವನು. ಛಂದಸ್ಸಿನಲ್ಲಿ ಒಂದು ಮಾತ್ರೆ ಹೆಚ್ಚಾದರೆ ಗುರುತಿಸಬಲ್ಲೆನೇ ಹೊರತು ಇಂಜಿನಿನ ಮಾತ್ರೆಯನ್ನು ಅರಿಯೆ. ವಾದದಲ್ಲಿ ಸೋತೆ, ಹತ್ತು ಸಾವಿರವನ್ನು ಕೊಟ್ಟೆ. “ಅಪ್ಪನಿಗೆ ಹೇಳಬೇಡಿ ಭಾವ” ಎಂದ. ಅದಕ್ಕೂ ಒಪ್ಪಿದೆ. ಹಣ ಕೊಟ್ಟದ್ದು ನನ್ನ ಮೊದಲ ತಪ್ಪು, ಮಾತು ಕೊಟ್ಟದ್ದು ಎರಡನೆಯದು.

ಮರುವಾರ ನಾನೂ ಜೊತೆಗೆ ಹೋದೆ. ರಾಜಾಜಿನಗರದ ಕೈಗಾರಿಕಾ ಬಡಾವಣೆಯ ಹಿಂದಿನ ಬೀದಿಯಲ್ಲಿ ಒಂದು ಶುಭ್ರವಾದ ಮಳಿಗೆ. ಎಣ್ಣೆಯಿಲ್ಲ, ಸ್ಪ್ಯಾನರಿಲ್ಲ. ಇಪ್ಪತ್ತೈದು ವರ್ಷದ ತರುಣನೊಬ್ಬ ಚಾಲಕನ ಮೊಣಕಾಲಿನ ಮೇಲ್ಗಡೆ ಅಡಗಿದ್ದ ಕಿಂಡಿಗೆ ಒಂದು ತಂತಿ ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿಗೆ ಸೇರಿಸಿದ. ಬರೆಯುತ್ತಿರುವಾಗ ನಡುವೆ ವಿದ್ಯುತ್ತು ಕುಸಿದರೆ ಕಂಪ್ಯೂಟರಿನ ಬುದ್ಧಿಯೇ ಅಳಿಸಿಹೋಗಬಹುದೆಂದು ಬ್ಯಾಟರಿಗೆ ಬೇರೊಂದು ಚಾರ್ಜರನ್ನು ಕೂಡಿಸಿದ. ಪರದೆಯ ಮೇಲೆ ಅಂಕಿಗಳು ಗುಡ್ಡ ಕಣಿವೆಗಳಂತೆ ಕಾಣಿಸಿಕೊಂಡವು. ಅವನು ಗುಡ್ಡಗಳನ್ನು ಅಷ್ಟಷ್ಟು ಎತ್ತರಿಸಿದ. ಒಂದು ಗಂಟೆಯಲ್ಲಿ ಕೆಲಸ ಮುಗಿಯಿತು.

ಸತ್ಯವನ್ನು ಮುಚ್ಚಬಾರದು: ಹೊರಗೆ ಬಂದಾಗ ಕಾರು ಬೇರೆಯೇ ಆಗಿತ್ತು. ಸುಮನಹಳ್ಳಿಯ ಸೇತುವೆಯನ್ನು ಅದು ಏರಿದ ರೀತಿಗೆ ನನ್ನ ಬೆನ್ನು ಆಸನಕ್ಕೆ ಒತ್ತಿಕೊಂಡಿತು. ನನಗೆ ಮಹಾಭಾರತದ ನಳೋಪಾಖ್ಯಾನ ನೆನಪಾಯಿತು. ಕನಕದಾಸರು ‘ನಳಚರಿತ್ರೆ’ಯಲ್ಲಿ ಕನ್ನಡಕ್ಕೆ ತಂದ ಕಥೆ ಅದೇ. ವಿದರ್ಭಕ್ಕೆ ಒಂದೇ ದಿನದಲ್ಲಿ ಮುಟ್ಟಬೇಕೆಂದು ಹೊರಟ ಋತುಪರ್ಣರಾಜನಿಗೆ ಬಾಹುಕನೆಂಬ ವೇಷದಲ್ಲಿದ್ದ ನಳನೇ ಸಾರಥಿ. ಅವನು ಆರಿಸಿದ ಕುದುರೆಗಳು ಬಡಕಲಾಗಿದ್ದುದನ್ನು ಕಂಡು ರಾಜನಿಗೆ ಸಂದೇಹ. ಆದರೆ ನಳನಿಗೆ ಅಶ್ವಹೃದಯವೆಂಬ ವಿದ್ಯೆ ಗೊತ್ತಿತ್ತು. ದಾರಿಯಲ್ಲಿ ರಾಜನ ಉತ್ತರೀಯ ಜಾರಿ ಬಿದ್ದಿತು. ರಥ ನಿಲ್ಲಿಸು ಎನ್ನುವಷ್ಟರಲ್ಲಿ ಅದು ಒಂದು ಯೋಜನ ಹಿಂದೆ ಉಳಿದಿತ್ತು. ಲ್ಯಾಪ್‌ಟಾಪಿನ ತರುಣನೂ ಒಬ್ಬ ಬಾಹುಕನೇ ಇರಬೇಕೆಂದುಕೊಂಡೆ.

ಈ ವೈಭವ ಏಳು ತಿಂಗಳು ನಡೆಯಿತು. ಆದರೆ ಮೂವತ್ತು ಹೊಸ ಕುದುರೆಗಳಿಗೆ ನಮ್ಮೂರಿನಲ್ಲಿ ಮೇಯಲು ಬಯಲೆಲ್ಲಿ? ಕಾರ್ಡ್ ರಸ್ತೆಯಲ್ಲಿ ನೂರು ಕುದುರೆಯ ಕಾರೂ ನೂರಮೂವತ್ತು ಕುದುರೆಯ ಕಾರೂ ಒಂದೇ ಆಟೋರಿಕ್ಷಾದ ಹಿಂದೆ ನಿಲ್ಲುತ್ತವೆ. ಆದ್ದರಿಂದ ಭಾವಮೈದುನ ಭಾನುವಾರಗಳಲ್ಲಿ ಕೆಂಗೇರಿ ದಾಟಿ ಮೈಸೂರಿನ ಎಕ್ಸ್‌ಪ್ರೆಸ್ ಹೆದ್ದಾರಿಗೆ ಹೋಗತೊಡಗಿದ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಆ ರಸ್ತೆಯಲ್ಲಿ ಸಾವುನೋವುಗಳು ಹೆಚ್ಚಿದುದರಿಂದ, ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ ವಾಹನ, ಆಟೋ, ಟ್ರಾಕ್ಟರುಗಳನ್ನು ಅದರ ಮುಖ್ಯ ಮಾರ್ಗದಿಂದ ದೂರವಿಟ್ಟರು. ಕಾರಿಗೂ ಗಂಟೆಗೆ ನೂರು ಕಿಲೋಮೀಟರಿನ ಮಿತಿಯುಂಟು. ವೇಗವನ್ನು ಹಿಡಿಯಲು ಕ್ಯಾಮರಾಗಳುಂಟು. ಅಂದರೆ ಮೂವತ್ತು ಕುದುರೆಗಳು ಇಲ್ಲಿಯೂ ದಂಡಕ್ಕೇ ಹುಟ್ಟಿದವು.

ಅಂಥ ಒಂದು ಭಾನುವಾರ, ಬಿಡದಿಯನ್ನು ದಾಟಿದ ಮೇಲೆ, ಲಾರಿಯೊಂದನ್ನು ಹಿಂದೆ ಹಾಕಲು ಅವನು ಪೆಡಲನ್ನು ಒತ್ತಿದ. ಇಂಜಿನು ಬೊಬ್ಬೆ ಹೊಡೆಯಿತು. ಕಾರು ಮುಂದಕ್ಕೆ ಹೋಗಲಿಲ್ಲ. ಸುಟ್ಟ ವಾಸನೆ. ಲಾರಿಯ ಪಕ್ಕದಲ್ಲಿ ಅರ್ಧ ದಾರಿಗೆ ಬಂದಿದ್ದವನು ಹಿಂದಕ್ಕೆ ಸರಿದು, ಹಿಂದಿನಿಂದ ಬರುತ್ತಿದ್ದವರ ಹಾರನ್ನುಗಳ ನಡುವೆ ಹೇಗೋ ಅಂಚಿಗೆ ಬಂದು ನಿಂತ. “ಭಾವ, ಕೈಕಾಲು ನಡುಗುತ್ತಾ ಇದೆ” ಎಂದು ಫೋನಿನಲ್ಲಿ ಹೇಳಿದಾಗ ಅವನ ಧ್ವನಿ ಹತ್ತು ವರ್ಷದ ಹುಡುಗನದಾಗಿತ್ತು.

ಕ್ಲಚ್ ಸವೆದುಹೋಗಿತ್ತು. ಸರ್ವಿಸ್ ಮಳಿಗೆಯವರು ತಮ್ಮ ಯಂತ್ರವನ್ನು ಜೋಡಿಸಿ ನೋಡಿ, “ಇದರೊಳಗಿನ ಲೆಕ್ಕ ಕಂಪನಿಯ ಲೆಕ್ಕವಲ್ಲ” ಎಂದು ಬರೆದು, ವಾರಂಟಿ ಇಲ್ಲವೆಂದರು. ಅದರಲ್ಲಿ ಅವರ ತಪ್ಪೇನಿಲ್ಲ. ಎಷ್ಟೋ ಕಂಪ್ಯೂಟರುಗಳು ತಮ್ಮ ಮೇಲೆ ಎಷ್ಟು ಸಲ ಬರೆಯಲಾಯಿತೆಂಬುದನ್ನು ಒಳಗೊಳಗೇ ಎಣಿಸಿ ಇಟ್ಟುಕೊಳ್ಳುತ್ತವೆ. ಕೊನೆಗೆ ಕಾರನ್ನು ಕಾಮಾಕ್ಷಿಪಾಳ್ಯದ ಒಬ್ಬ ಹಳೆಯ ಮೇಸ್ತ್ರಿಗಳ ಗ್ಯಾರೇಜಿಗೆ ಸಾಗಿಸಿದೆವು. ಅವರು ಎಳೆತನದಲ್ಲಿ ಮೈಸೂರು ರಸ್ತೆಯ ಲಾರಿಗಳ ಡೀಸೆಲ್ ಪಂಪುಗಳನ್ನು ಸರಿಮಾಡುತ್ತಿದ್ದವರು.

“ಇದು ಹೊಸ ವಿದ್ಯೆಯಲ್ಲ ಮೇಷ್ಟ್ರೇ” ಎಂದು ಅವರು ನಕ್ಕರು. “ಆಗ ಮೈಕೋ ಪಂಪಿನಲ್ಲಿ ಡೀಸೆಲಿನ ಮಿತಿ ಕಟ್ಟುವ ಒಂದು ತಿರುಪು ಇರುತ್ತಿತ್ತು. ಅದಕ್ಕೆ ತಂತಿ ಸುತ್ತಿ ಸೀಲು ಹಾಕಿರುತ್ತಿದ್ದರು. ಡ್ರೈವರುಗಳು ಬಂದು ಸೀಲು ಒಡೆದು ಅರ್ಧ ಸುತ್ತು ತಿರುಗಿಸು ಅನ್ನುವರು. ತಿರುಗಿಸಿದರೆ ಲಾರಿ ಘಟ್ಟ ಹತ್ತುತ್ತಿತ್ತು, ನಿಜ. ಹಿಂದೆ ಮಾತ್ರ ಕಾಡಿಗೆಯಂಥ ಹೊಗೆ. ಆಮೇಲೆ ಒಂದು ದಿನ ಪಿಸ್ಟನ್ನು ತೂತು. ಈಗ ತಿರುಪು ಇಲ್ಲ, ಅಂಕಿ ಇದೆ. ಒಡೆಯುವುದು ಮಾತ್ರ ಆ ಸೀಲನ್ನೇ.”

ಮೈಕೋ ಎಂದರೆ 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ. 2008ರಿಂದ ಅದು ಬಾಷ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ದೇಶದ ಎಷ್ಟೋ ಲಾರಿಗಳ ಹೃದಯ ಮಿಡಿದದ್ದು ಅದರ ಪಂಪುಗಳಿಂದ. ಇಂದು ಕಾರಿನ ಡೀಸೆಲು ಚಿಮ್ಮುವ ಒತ್ತಡ 1600 ಬಾರ್, ಕೆಲವದರಲ್ಲಿ ಅದಕ್ಕೂ ಮಿಗಿಲು; ಕಾರಿನ ಟೈರಿನೊಳಗಿನ ಗಾಳಿಯ ಒತ್ತಡಕ್ಕೆ ಹೋಲಿಸಿದರೆ ಏಳೆಂಟುನೂರು ಪಟ್ಟು. ಅಂಥ ಒತ್ತಡದ ದಾರಿಯನ್ನು ಕಾಯುವ ಅಂಕಿಯನ್ನು ಎತ್ತರಿಸುವುದು ಮನೆಯ ರೇಡಿಯೋದ ಧ್ವನಿಯನ್ನು ಎತ್ತರಿಸಿದಂತಲ್ಲ.

ಕಟ್ಟಿಹಾಕಿದ ಕುದುರೆಗಳ ವಿಷಯವನ್ನೂ ಕೇಳಿದೆ. ಮೇಸ್ತ್ರಿಗಳು ಕಬ್ಬಿಣದ ಡಬ್ಬಿಯ ಮೇಲೆ ಕುಳಿತು ವಿವರಿಸಿದರು. ಫಿಯಟ್ಟಿನ ಇಂಜಿನು ಒಂದೇ ಎಂಬುದು ನಿಜ. ಆದರೆ 90 ಕುದುರೆಯದಕ್ಕೆ ರೆಕ್ಕೆಗಳ ಕೋನ ಬದಲಾಗುವ ಬೇರೆ ಜಾತಿಯ ಟರ್ಬೋ ಇತ್ತು. ಅಂಕಿಯೊಡನೆ ಅಂಗವೂ ಬದಲಾಗಿತ್ತು! ಇನ್ನು ಕಂಪನಿಯವರು ಬಿಟ್ಟುಕೊಂಡ ಅಂತರವೂ ಸುಮ್ಮನೆ ಬಿಟ್ಟದ್ದಲ್ಲ. ಅದೇ ಕಾರು ಬಳ್ಳಾರಿಯ ಬೇಸಗೆಯಲ್ಲಿ ಓಡಬೇಕು, ಮಡಿಕೇರಿಯ ಏರು ಹತ್ತಬೇಕು, ಎಲ್ಲಿಯೋ ಒಂದು ಕಡೆ ಕಲಬೆರಕೆಯ ಡೀಸೆಲನ್ನೂ ಕುಡಿಯಬೇಕು. ಬೆಂಗಳೂರೇ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿನ ಗಾಳಿ ಮಂಗಳೂರಿನ ಗಾಳಿಗಿಂತ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ತೆಳು. ಟರ್ಬೋ ಆ ಕೊರತೆಯನ್ನು ತುಂಬಲು ಈಗಾಗಲೇ ಹೆಚ್ಚು ದುಡಿಯುತ್ತಿರುತ್ತದೆ. ಕ್ಲಚ್ಚು, ಗೇರುಗಳು, ಚಕ್ರದ ದಂಡೆಗಳು ಇವೆಲ್ಲ ಮೂಲದ ಬಲಕ್ಕೆ ಹೊಂದುವಂತೆ ಅಳೆದು ಮಾಡಿದವು. ಆ ಅಂತರ ಗೃಹಸ್ಥನು ಮಳೆಗಾಲಕ್ಕೆಂದು ಅಟ್ಟದ ಮೇಲಿಟ್ಟ ಅಕ್ಕಿ. ಕಂಡಿತೆಂದು ಬೇಸಗೆಯಲ್ಲೇ ಬೇಯಿಸಿ ಹಬ್ಬ ಮಾಡಿದರೆ ಮಳೆ ಬಂದಾಗ ಏನು ಗತಿ?

ನಷ್ಟ ನಮ್ಮ ಅಟ್ಟಕ್ಕೇ ನಿಲ್ಲುವುದಾದರೆ ಅದು ನಮ್ಮ ಮನೆಯ ಮಾತು. ಆದರೆ ಗಾಳಿಗೆ ಮಿಗಿಲಾಗಿ ಸುರಿದ ಡೀಸೆಲು ಮಸಿಯಾಗುತ್ತದೆ. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಂದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಆ ಮಸಿಯನ್ನು ಹಿಡಿಯಲು ಒಂದು ಶೋಧಕವಿರುತ್ತದೆ. ಅದು ಕಟ್ಟಿಕೊಂಡಾಗ ಅದನ್ನೇ ಕಿತ್ತುಹಾಕಿ, ಅದು ಇದೆಯೆಂದು ಕಂಪ್ಯೂಟರಿಗೆ ಸುಳ್ಳು ಹೇಳಿಸುವವರೂ ಇದ್ದಾರೆ. ಲೆಕ್ಕದ ಸುಳ್ಳು ಎಷ್ಟು ದೂರ ಹೋಗಬಲ್ಲದೆಂಬುದನ್ನು 2015ರ ಸೆಪ್ಟೆಂಬರಿನಲ್ಲಿ ಜಗತ್ತೇ ಕಂಡಿತು. ವೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳು ತಮ್ಮನ್ನು ಪರೀಕ್ಷಿಸುತ್ತಿದ್ದಾರೆಂಬುದನ್ನು ಗುರುತಿಸಿ, ಪರೀಕ್ಷೆಯ ಹೊತ್ತಿಗೆ ಮಾತ್ರ ಸಭ್ಯವಾಗಿ ಉಸಿರಾಡುತ್ತಿದ್ದವು. ಅಂಥ ಕಾರುಗಳು ಜಗತ್ತಿನಲ್ಲಿ ಸುಮಾರು ಒಂದು ಕೋಟಿ ಹತ್ತು ಲಕ್ಷ. ಇನ್‌ಸ್ಪೆಕ್ಟರು ಬಂದ ದಿನ ಮಾತ್ರ ಪಾಠ ಮಾಡುವ ಮೇಷ್ಟರನ್ನು ನಾನು ಬಲ್ಲೆ. ಆದರೆ ಕಾರುಗಳೂ ಈ ವಿದ್ಯೆಯನ್ನು ಕಲಿತಾವೆಂದು ತಿಳಿದಿರಲಿಲ್ಲ.

ಕಾನೂನನ್ನೂ ನೋಡಿದೆ. 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ನಿಗದಿಮಾಡಿದ ವಿವರಗಳಿಗಿಂತ ಬೇರೆಯಾಗುವಂತೆ ಮಾಲೀಕನು ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. 2019ರ ತಿದ್ದುಪಡಿಯಲ್ಲಿ, ಅನುಮತಿಯಿಲ್ಲದ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ವಿಧಿಸಲು ಅವಕಾಶವಾಯಿತು. ‘ಮಾಲೀಕ’ ಎಂಬ ಪದವನ್ನು ಓದಿದಾಗ ನನಗೆ ಎದೆ ಝಲ್ಲೆಂದಿತು. ಆ ಕಾರಿನ ಮಾಲೀಕರು ಎಪ್ಪತ್ತು ವರ್ಷದ ನನ್ನ ಮಾವನವರು. ಅವರಿಗೆ ಈ ವಿಷಯವೇ ತಿಳಿಯದು. ವಿಮೆಯ ಕಾಗದವೂ ಅವರ ಹೆಸರಿನಲ್ಲೇ.

ಕ್ಲಚ್ಚಿಗೆ ಮೂವತ್ತೆರಡು ಸಾವಿರವಾಯಿತು. ಹೆದರಿದ ಭಾವಮೈದುನ ಹಳೆಯ ಲೆಕ್ಕವನ್ನೇ ಕಂಪ್ಯೂಟರಿನಲ್ಲಿ ಮತ್ತೆ ಬರೆಸಿದ. ಕಥೆ ಮುಗಿಯಿತೆಂದು ನಾವಿಬ್ಬರೂ ಸಮಾಧಾನಪಟ್ಟೆವು. ಕಥೆ ಆರಂಭವಾದದ್ದೇ ಆಮೇಲೆ.

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾದ ಮೇಲೆ ಮಾವನವರಿಗೆ ಕಾರು ಬೇಡವೆನಿಸಿತು. ಕೆಂಗೇರಿ ಉಪನಗರದ ಒಬ್ಬ ನಿವೃತ್ತ ಉಪಾಧ್ಯಾಯರು, ಮಾವನವರ ಹಳೆಯ ಪರಿಚಯದವರು, ಬಿಡದಿಯ ಕಾರ್ಖಾನೆಗೆ ದಿನವೂ ಹೋಗಿಬರುವ ಮಗಳಿಗಾಗಿ ಅದನ್ನು ಕೊಳ್ಳಲು ಬಂದರು. ನಾನೂ ಅಲ್ಲೇ ಇದ್ದೆ. ಅವರು ಎಲ್ಲವನ್ನೂ ನೋಡಿ, “ಕಾರಿಗೆ ಏನಾದರೂ ಮಾಡಿಸಿದ್ದೀರಾ ರಾಯರೇ?” ಎಂದು ಕೇಳಿದರು. “ಕಾಲಕಾಲಕ್ಕೆ ಸರ್ವಿಸು, ಇತ್ತೀಚೆಗೆ ಒಂದು ಕ್ಲಚ್ಚು. ಬೇರೇನಿಲ್ಲ. ನನ್ನ ಮಾತನ್ನು ನಂಬಿ” ಎಂದರು ಮಾವನವರು. ಭಾವಮೈದುನ ಗೋಡೆಯ ಕ್ಯಾಲೆಂಡರನ್ನು ನೋಡುತ್ತಿದ್ದ. ನಾನು ಕಾಫಿಯ ಲೋಟದೊಳಕ್ಕೆ ನೋಡುತ್ತಿದ್ದೆ. ಬೆಲೆ ಕುದುರಿತು, ಮುಂಗಡ ಕೈಸೇರಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ನಂಬಿ ಎಂದ ಮಾತನ್ನು ಅವರು ಆಡಿದ್ದರು; ಅದನ್ನು ಸುಳ್ಳು ಮಾಡಿದವರು ನಾವು. ಬೆಳಗಾಗುವುದನ್ನೇ ಕಾದಿದ್ದು ಬಸವೇಶ್ವರನಗರಕ್ಕೆ ಹೋಗಿ, ಭಾವಮೈದುನನನ್ನು ಪಕ್ಕದಲ್ಲೇ ಕೂರಿಸಿಕೊಂಡು, ಹತ್ತು ಸಾವಿರದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಮಾವನವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಹಳೆಯ ಲೆಕ್ಕವನ್ನೇ ಮತ್ತೆ ಹಾಕಿಸಿದ್ದೀನಿ ಅಪ್ಪ. ಈಗ ಕಾರು ಮೊದಲಿನ ಹಾಗೆಯೇ ಇದೆ” ಎಂದ ಮಗ.

“ನೋಡು ಮಗು” ಎಂದರು ಅವರು. “ನಾನು ಜೀವಮಾನವೆಲ್ಲ ಬೇರೆಯವರ ಲೆಕ್ಕ ನೋಡಿದವನು. ಲೆಕ್ಕದ ಪುಸ್ತಕದಲ್ಲಿ ತಪ್ಪು ಬಿದ್ದರೆ ತಿದ್ದಬಹುದು. ಉಜ್ಜಿ ಅಳಿಸಬಾರದು. ಕಾಣುವ ಹಾಗೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ್ದನ್ನು ಬರೆದು, ಸಹಿ ಹಾಕಬೇಕು. ಏಳು ತಿಂಗಳು ಆ ಇಂಜಿನು ಎಷ್ಟು ಸವೆಯಿತೋ ಆ ಸವೆತವನ್ನೂ ನಿನ್ನ ಲ್ಯಾಪ್‌ಟಾಪಿನವನು ವಾಪಸು ಬರೆದನೇನು?” ಆಮೇಲೆ ನನ್ನ ಕಡೆ ತಿರುಗಿ, “ನೀವು ಮೇಷ್ಟರು. ನಿಮಗೆ ನಾನು ಹೇಳಬೇಕಾದ್ದೇನಿಲ್ಲ” ಎಂದರು. ಅಷ್ಟು ಸಾಕಾಯಿತು.

ಅಂದೇ ಮೂವರೂ ವಿಜಯನಗರದಲ್ಲಿ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆವು. ಮಾವನವರು ಮುಂಗಡದ ಹಣವನ್ನು ಉಪಾಧ್ಯಾಯರ ಮುಂದೆ ಇಟ್ಟು, ನಡೆದುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿದ್ದುದನ್ನೂ ಇಟ್ಟು, “ನಿನ್ನೆ ನಾನು ತಿಳಿಯದೆ ಸುಳ್ಳು ಹೇಳಿದೆ. ಬೇಡವೆಂದರೆ ಬೇಸರವಿಲ್ಲ” ಎಂದರು. ಉಪಾಧ್ಯಾಯರು ಬಹಳ ಹೊತ್ತು ಹಾಳೆಯನ್ನು ನೋಡಿದರು. ಎರಡು ದಿನ ಬಿಟ್ಟು, ತಮ್ಮ ಕಡೆಯ ಮೆಕ್ಯಾನಿಕ್ಕಿನಿಂದ ಇಂಜಿನನ್ನು ನೋಡಿಸಿ, ಐವತ್ತು ಸಾವಿರ ಇಳಿಸಿ ಕಾರನ್ನು ಕೊಂಡರು. ಆ ಹಾಳೆಯನ್ನು ಕಾರಿನ ಕಾಗದಗಳ ಜೊತೆಯಲ್ಲೇ ಇಟ್ಟುಕೊಂಡಿದ್ದಾರಂತೆ.

ನಳನ ಕಥೆಗೆ ಇನ್ನೊಂದು ಅರ್ಧವಿರುವುದನ್ನು ನಾನು ಸುಮನಹಳ್ಳಿಯ ಸೇತುವೆಯ ಮೇಲೆ ಮರೆತಿದ್ದೆ. ಅದೇ ಪ್ರಯಾಣದಲ್ಲಿ ಋತುಪರ್ಣನು ಒಂದು ಮರದ ಎಲೆಗಳನ್ನೂ ಕಾಯಿಗಳನ್ನೂ ನಿಂತಲ್ಲೇ ಎಣಿಸಿ ಹೇಳುತ್ತಾನೆ. ತನ್ನ ಎಣಿಕೆಯ ವಿದ್ಯೆಯನ್ನು ನಳನಿಗೆ ಕಲಿಸುತ್ತಾನೆ. ಲೆಕ್ಕದ ಹೃದಯ ತಿಳಿದ ಆ ಕ್ಷಣದಲ್ಲೇ ನಳನನ್ನು ಅಷ್ಟುಕಾಲ ಕಾಡಿದ ಕಲಿ ಅವನ ಮೈಯಿಂದ ಹೊರಟುಹೋಗುತ್ತಾನೆ. ಕುದುರೆಯನ್ನು ಓಡಿಸಲು ಬಲ್ಲವನಿಗೂ ಕಲಿಯ ಕಾಟ ತಪ್ಪಿರಲಿಲ್ಲ. ಎಣಿಸಲು ಕಲಿತ ಮೇಲೆ ತಪ್ಪಿತು.

ಭಾವಮೈದುನನೂ ಈಗ ಎಣಿಸಲು ಕಲಿತಿದ್ದಾನೆ. ರೀಮ್ಯಾಪಿಗೆ ಹದಿನೆಂಟು ಸಾವಿರ, ಕ್ಲಚ್ಚಿಗೆ ಮೂವತ್ತೆರಡು, ಬೆಲೆಯಲ್ಲಿ ಇಳಿದದ್ದು ಐವತ್ತು: ಒಟ್ಟು ಒಂದು ಲಕ್ಷ. ಮೂವತ್ತು ಕುದುರೆಗಳಿಗೆ ಹಂಚಿದರೆ ಒಂದೊಂದಕ್ಕೆ 3,333 ರೂಪಾಯಿ. ಬೆಲೆಯಲ್ಲಿ ಇಳಿದ ಐವತ್ತು ಸಾವಿರವನ್ನು ತಂದೆಗೆ ತಿಂಗಳಿಗೆ ನಾಲ್ಕು ಸಾವಿರದಂತೆ ತೀರಿಸುತ್ತಿದ್ದಾನೆ. ನನ್ನ ಹತ್ತು ಸಾವಿರ ಬಾಕಿ ಇದೆ. ಅದನ್ನು ನಾನು ಕೇಳುವುದಿಲ್ಲ. ನನ್ನ ಲೋಟದೊಳಕ್ಕೆ ನಾನು ನೋಡುತ್ತ ಕುಳಿತದ್ದಕ್ಕೆ ಅದು ನನ್ನ ದಂಡವೆಂದು ಬರೆದುಕೊಂಡಿದ್ದೇನೆ. ಗೆರೆ ಎಳೆದು, ಕಾಣುವ ಹಾಗೆ.